ಕೊನೆಯ ಸಾಲಿಗೆ ಮುಟ್ಟದ ದನಿ

ಈಗಿನ ಹಾಡುಗಾರರಿಗೆ ಗಂಟಲೇ ಇಲ್ಲ. ಇದನ್ನು ಬಾಸ್ಟನ್ನಿನಲ್ಲಿರುವ ನಮ್ಮ ಥಿಯೇಟರ್ ಕಂಪನಿಯ ದೊಡ್ಡ ಕಚೇರಿಗೆ ಬರೆದೂ ಬರೆದೂ ನನ್ನ ಕೈ ಸೋತಿದೆ. ಫಾಲ್ ರಿವರಿನ ನಮ್ಮ ಪೆವಿಲಿಯನ್ ಥಿಯೇಟರಿಗೆ ವಾರವಾರವೂ ಹೊಸಬರು ಬಂದಿಳಿಯುತ್ತಾರೆ. ಒಂದೇ ಟಿಕೆಟ್ಟಿಗೆ ಎಂಟು ಐಟಂ: ಲಾಗ ಹಾಕುವವರು, ನಾಯಿ ಕುಣಿಸುವವರು, ಜೋಕು ಹೇಳುವವರು, ಹಾಡುವವರು. ಸೋಮವಾರದ ಮ್ಯಾಟಿನಿಯನ್ನು ಪೂರ್ತಿ ನೋಡಿ, ಯಾರು ಎಷ್ಟರವರು ಎಂದು ಬರೆದು, ಮಂಗಳವಾರ ಬೆಳಗಿನ ರೈಲಿಗೆ ಬಾಸ್ಟನ್ನಿಗೆ ಕಳಿಸುವುದು ಮ್ಯಾನೇಜರನ ಕೆಲಸ. ಮ್ಯಾನೇಜರ್ ಎಂದರೆ ನಾನು, ಈನಾಕ್ ಸ್ಕೋಫೀಲ್ಡ್. ನಾನು ಒಳ್ಳೆಯದು ಬರೆದರೆ ಅವರಿಗೆ ಮುಂದಿನ ಊರು, ಅದರ ಮುಂದಿನ ಊರು. ಕೆಟ್ಟದು ಬರೆದರೆ ಗಂಟುಮೂಟೆ ಕಟ್ಟಬೇಕು. ಅದಕ್ಕೇ ನಾನು ಸ್ವತಃ ನೋಡದ, ಸ್ವತಃ ಕೇಳದ ಒಂದು ಮಾತನ್ನೂ ಬರೆದವನಲ್ಲ.

ಬಾಸ್ಟನ್ನಿನವರಿಗೆ ಇದರ ಬೆಲೆ ಎಲ್ಲಿ ಗೊತ್ತು? ಹೋದ ಚಳಿಗಾಲದಲ್ಲಿ ಅಲ್ಲಿಂದ ಬಂದ ಒಬ್ಬ ಎಳೆಯ ಗುಮಾಸ್ತ ನನ್ನ ಕುರ್ಚಿಯಲ್ಲೇ ಕೂತು ನನ್ನನ್ನೇ ಕೆಣಕಿದ: "ಏನ್ರೀ ಸ್ಕೋಫೀಲ್ಡ್, ನಿಮ್ಮ ರಿಪೋರ್ಟಲ್ಲಿ ನಾಯಿಗಳೆಲ್ಲ ಭೇಷ್, ಲಾಗ ಹಾಕೋರೆಲ್ಲ ಭೇಷ್, ಹಾಡೋರು ಮಾತ್ರ ಒಬ್ಬರೂ ಪಾಸಾಗಲ್ವಲ್ಲ! ನಿಮ್ಮೂರಿಗೆ ಬರೀ ನಾಯಿಗಳನ್ನೇ ಕಳಿಸೋಣವಾ?" ಕಳಿಸಿ ಎಂದೆ. ನಾಯಿ ಬೊಗಳಿದರೆ ಬೊಗಳಿದ್ದಾದರೂ ಕಾಣುತ್ತದೆ.

ನನ್ನ ಕಿವಿಯ ಮೇಲೆ ನನಗೆ ಭರವಸೆಯಿತ್ತು. ಹುಡುಗನಾಗಿದ್ದಾಗಿನಿಂದ ಮೀಸೆ ಬಲಿಯುವವರೆಗೆ ಬಟ್ಟೆ ಗಿರಣಿಯ ಮಗ್ಗದ ಶೆಡ್ಡಿನಲ್ಲಿ ದುಡಿದವನು ನಾನು. ಅಲ್ಲಿಯ ಗದ್ದಲದಲ್ಲಿ ಕಿರುಚಿದರೂ ಪಕ್ಕದವನಿಗೆ ಕೇಳದು. ತುಟಿಯನ್ನು ಚೆನ್ನಾಗಿ ಅಗಲಿಸಿ ಆಡಿದರೆ ಎದುರಿನವರು ಅದನ್ನು ನೋಡಿಯೇ ತಿಳಿಯುತ್ತಾರೆ. ಈ ಊರಿನ ಅರ್ಧ ಜನಕ್ಕೆ ಆ ವಿದ್ಯೆ ಬರುತ್ತದೆ. ಅಂಥ ಗದ್ದಲದಿಂದ ಹೊರಬಿದ್ದ ಮೇಲೆ ನನ್ನ ಕಿವಿ ಎಷ್ಟು ಚುರುಕಾಗಿದೆಯೆಂದರೆ, ಬೀದಿಯ ಆಚೆ ಬದಿ ಇಬ್ಬರು ಹೆಂಗಸರು ನನ್ನ ಹ್ಯಾಟಿನ ಬಗ್ಗೆ ಏನು ಆಡಿಕೊಂಡರೆಂದು ಅಕ್ಷರ ಬಿಡದೆ ಹೇಳಬಲ್ಲೆ ಎಂದು ಎಲ್ಲರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಮೊನ್ನೆಯ ಸೋಮವಾರ ಬೆಳಗ್ಗೆಯೇ ಪಿತ್ತ ನೆತ್ತಿಗೇರಿತು. ರಿಹರ್ಸಲ್ಲಿನಲ್ಲಿ ನಮ್ಮ ವಾದ್ಯದವರ ಮುಖಂಡ ಗಾನ್ಯೋ ಏನೋ ಹೇಳಿದ. ಕ್ವಿಬೆಕ್ಕಿನ ಮನುಷ್ಯ, ಪಿಟೀಲು ಬಾರಿಸುವುದರಲ್ಲಿ ಎತ್ತಿದ ಕೈ, ಆದರೆ ಮೂಗಿನ ಕೆಳಗೆ ಪೊರಕೆಯಂಥ ಮೀಸೆ ಬಿಟ್ಟಿದ್ದಾನೆ. ಮಾತೆಲ್ಲ ಅದರೊಳಗೇ ಸಿಕ್ಕಿಕೊಳ್ಳುತ್ತದೆ.

"ಬಾಯಿ ಬಿಟ್ಟು ಮಾತಾಡಯ್ಯಾ, ಯಾಕೆ ಗೊಣಗ್ತೀಯ?" ಎಂದೆ.

ಅವನು ನಿಟ್ಟುಸಿರು ಬಿಟ್ಟು ಪಿಟೀಲಿನ ಕಮಾನಿನಿಂದ ರಂಗದ ಕಡೆ ತೋರಿಸಿದ. ಅಲ್ಲಿ ಹೆಟ್ಟಿ ಪಿಲ್ಲಿಂಗ್ ನಿಂತಿದ್ದಳು.

ಹೆಟ್ಟಿ ತಮಾಷೆಯ ಹಾಡು ಹೇಳುವವಳು. ನಲವತ್ತರ ಆಸುಪಾಸು, ಗುಂಡಗಿನ ಮುಖ, ತಲೆಯ ಮೇಲೆ ಗರಿ ಸಿಕ್ಕಿಸಿದ ಭಾರಿ ಹ್ಯಾಟು. ಹೋದ ವರ್ಷ ಇಲ್ಲೇ ಹಾಡಿದ್ದಳು. ದನಿ ಕೊನೆಯ ಸಾಲಿಗೆ ಮುಟ್ಟುವುದಿಲ್ಲ ಎಂದು ನಾನು ಬರೆದಿದ್ದೆ. ಅದರಿಂದ ಅವಳನ್ನು ದೊಡ್ಡ ಊರುಗಳಿಂದ ತೆಗೆದು, ಹಳ್ಳಿಗಳ ಛತ್ರದಂಥ ಸಭಾಮಂದಿರಗಳಿಗೆ ಅಟ್ಟಿದ್ದರು. ಈಗ ಹೇಗೋ ಕಾಡಿಬೇಡಿ ಮತ್ತೆ ಬಂದಿದ್ದಳು. ರಂಗದಿಂದ ಇಳಿದು ನೆಟ್ಟಗೆ ನನ್ನೆದುರು ಬಂದು ನಿಂತಳು.

"ಮ್ಯಾನೇಜರ್ ಸಾಹೇಬ್ರೇ, ಮೊದಲೇ ಹೇಳಿಬಿಡ್ತೀನಿ. ಈ ಸಲವೂ ನೀವು ದನಿ ಇಲ್ಲ ಅಂತ ಬರೆದ್ರೆ, ಬಾಸ್ಟನ್ನವರು ನನ್ನ ಹೆಸರು ಹೊಡೆದು ಹಾಕ್ತಾರಂತೆ. ಆಮೇಲೆ ನನಗೆ ಯಾವ ಥಿಯೇಟರೂ ಇಲ್ಲ. ಹಾಡೋದು ಬಿಟ್ರೆ ನನಗೆ ಬೇರೇನೂ ಬರಲ್ಲ."

"ದನಿ ಇದ್ರೆ ಇದೆ ಅಂತ ಬರೀತೀನಿ, ಇಲ್ದಿದ್ರೆ ಇಲ್ಲ ಅಂತ. ನನಗೇನಮ್ಮ, ನಿನ್ನ ಮೇಲೆ ಹಳೇ ದ್ವೇಷವಾ?"

"ಅದೇ ನನಗೂ ಅರ್ಥ ಆಗ್ತಿಲ್ಲ," ಎಂದಳು.

ಅವಳೆದುರಿಗೇ ನಿಂತು ಹಾಡಿನ ನಾಲ್ಕು ಸಾಲು ಕೇಳಿದೆ. ಸ್ಫಟಿಕದಷ್ಟು ಸ್ಪಷ್ಟವಾಗಿತ್ತು. ಸರಿ, ಒಂದು ವರ್ಷದಲ್ಲಿ ಗಂಟಲು ಕುದುರಿರಬೇಕು ಎಂದುಕೊಂಡು ಸಮಾಧಾನದಿಂದ ಊಟಕ್ಕೆ ಹೋದೆ.

ಮ್ಯಾಟಿನಿ ಶುರುವಾಯಿತು. ಮ್ಯಾನೇಜರನ ಜಾಗ ಎಲ್ಲರಿಗಿಂತ ಹಿಂದೆ, ಕೊನೆಯ ಸಾಲಿನ ಬೆನ್ನಿಗೆ ಇರುವ ಕಟಕಟೆ. ಅಲ್ಲಿ ಮೊಣಕೈ ಊರಿ ನಿಂತೆ. ಮೊದಲು ಸೈಕಲ್ ಸರ್ಕಸ್ಸಿನ ಕ್ರಾಂಟ್ಸ್ ಸೋದರರು. ಭೇಷ್. ಆಮೇಲೆ ಗಡ್ಡದವನೊಬ್ಬ ತನ್ನ ಅತ್ತೆಯ ಬಗ್ಗೆ ಜೋಕು ಹೇಳಿದನಂತೆ. ಗಡ್ಡ ಅಲ್ಲಾಡಿದ್ದು ಕಂಡೆ, ಮಾತು ಒಂದೂ ಬರಲಿಲ್ಲ. ಅವನ ಹಿಂದೆ ಬಿಳಿ ನಾಯಿಗಳು ಬಂದವು. ಏಣಿ ಹತ್ತಿದವು, ಇಳಿದವು, ನಾನು ಮನಸಾರೆ ಚಪ್ಪಾಳೆ ಹೊಡೆದೆ. ಅಷ್ಟರಲ್ಲಿ ಹೆಟ್ಟಿ ಬಂದಳು.

ದೇವರಾಣೆಗೂ ಹೇಳುತ್ತೇನೆ, ಏನೇನೂ ಕೇಳಲಿಲ್ಲ. ಗಾನ್ಯೋನ ಕಡೆಯ ಡ್ರಮ್ಮು ಎಲ್ಲೋ ಪಕ್ಕದ ಮನೆಯಲ್ಲಿ ಕುಟ್ಟಿದಂತೆ ಬಂತು. ಅವಳು ಕೈ ಬೀಸಿದಳು, ಸೊಂಟಕ್ಕೆ ಕೈಯಿಟ್ಟಳು, ಹ್ಯಾಟು ಓರೆ ಮಾಡಿದಳು, ಆದರೆ ದನಿ ಎಲ್ಲಿ? ಬೆಳಗ್ಗೆ ನನ್ನ ಮುಂದೆ ಮಾತ್ರ ಗಂಟಲು ತೆರೆದು, ಈಗ ಇಡೀ ಊರಿನ ಮುಂದೆ ಪಿಸುಗುಟ್ಟುತ್ತಾಳಲ್ಲ! ನನಗೆ ಮೈಯೆಲ್ಲ ಉರಿಯಿತು. ಮುಂದಿನ ಸಾಲುಗಳಲ್ಲಿ ಭುಜಗಳು ಕುಲುಕುತ್ತಿದ್ದವು. ಹತ್ತಿರದವರಿಗೆ ಕೇಳಿಸಿರಬೇಕು. ಮೇಲೆ ಗ್ಯಾಲರಿಯವರೂ ಕಂಬಿ ಹಿಡಿದು ನಗುತ್ತಿದ್ದರು. ಗ್ಯಾಲರಿಯವರು ಯಾರಾದರೂ ಸೀನಿದರೂ ನಗುವ ಜನ, ಅವರನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಕಚೇರಿಗೆ ಬಂದು ಕೂತು ಬರೆಯಲು ಶುರುಮಾಡಿದೆ. 'ಪಿಲ್ಲಿಂಗ್: ದನಿ ಕೊನೆಯ ಸಾಲಿಗೆ ಮುಟ್ಟುವುದಿಲ್ಲ' ಎಂದು ಬರೆದು, 'ಈ ಸಲವೂ' ಎಂದು ಸೇರಿಸುವಷ್ಟರಲ್ಲಿ ಮೇಜಿನ ಮೇಲೆ ನೆರಳು ಬಿತ್ತು. ತಲೆಯೆತ್ತಿದರೆ ಹೆಟ್ಟಿ. ಮುಖಕ್ಕೆ ಬಣ್ಣ ಹಾಗೇ ಇತ್ತು.

"ಬಾಗಿಲು ತಟ್ಟಿ ಬರೋ ಪದ್ಧತಿ ಇಲ್ವಾ?" ಎಂದೆ.

"ತಟ್ಟಿದೆ. ಕೈ ನೋಯೋ ಹಾಗೆ ತಟ್ಟಿದೆ." ಅವಳ ಕಣ್ಣು ಕಾಗದದ ಮೇಲೆ ಬಿತ್ತು. ಮುಖ ಸುಣ್ಣವಾಯಿತು. "ಮತ್ತೆ ಅದೇ ಬರೆದ್ರಾ? ಜನ ಹಾಗೆ ನಗ್ತಾ ಇದ್ರಲ್ರೀ!"

"ನಗಲಿ. ನನಗೆ ಕೇಳಿಸಬೇಕಲ್ಲ! ಬೆಳಗ್ಗೆ ಗಂಟೆ ಬಾರಿಸಿದ ಹಾಗೆ ಹಾಡಿದೆ, ಮಧ್ಯಾಹ್ನ ಗಂಟಲಿಗೆ ಬೀಗ ಹಾಕ್ಕೊಂಡೆ. ಯಾರ ಕಣ್ಣಿಗೆ ಮಣ್ಣೆರಚ್ತೀಯ? ನಾನು ಇವತ್ತು ನೆನ್ನೆ ಬಂದವನಲ್ಲಮ್ಮ..."

ಅವಳು ನನ್ನನ್ನೇ ದಿಟ್ಟಿಸಿದಳು. ಸಿಟ್ಟಿನಿಂದಲ್ಲ, ನನ್ನ ಮುಖದಲ್ಲಿ ಏನೋ ಹುಡುಕುವವಳಂತೆ. ಆಮೇಲೆ ಹ್ಯಾಟನ್ನು ತಲೆಯಿಂದ ತೆಗೆದು ಬಾಯಿಗೆ ಅಡ್ಡ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟಳು. ಗರಿಯ ಮೇಲಿಂದ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು.

"ಏನಿದು ಹುಡುಗಾಟ? ಮಾತಾಡೋದಿದ್ರೆ ಮಾತಾಡು, ಇಲ್ಲಾಂದ್ರೆ ಹೊರಡು. ನನಗೆ ಕೆಲಸ ಇದೆ."

ಹ್ಯಾಟು ಕದಲಲಿಲ್ಲ. ನಾನು ಕಾದೆ. ರೇಗಿ ಮೇಜು ಗುದ್ದಿದೆ. ಕೊನೆಗೆ ಅವಳು ಹ್ಯಾಟು ಕೆಳಗಿಳಿಸಿದಳು.

"ಮಾತಾಡ್ತಾ ಇರಲಿಲ್ಲ ಸಾಹೇಬ್ರೇ, ಹಾಡ್ತಾ ಇದ್ದೆ. ಒಂದು ಚರಣ ಪೂರ್ತಿ ಹಾಡಿದೆ, ಗಂಟಲು ಬಿಚ್ಚಿ."

"ಸುಳ್ಳು!"

ಅವಳು ನನ್ನ ಬೆನ್ನ ಹಿಂದಕ್ಕೆ ಕೈ ತೋರಿಸಿದಳು. ತಿರುಗಿದೆ. ಹಿಂದಿನ ಬಾಗಿಲಲ್ಲಿ ಗಾನ್ಯೋ ನಿಂತಿದ್ದ. ಅವನ ಹಿಂದೆ ಟಿಕೆಟ್ ಕೊಡುವ ಹೆಂಗಸು, ಅವಳ ಹಿಂದೆ ಕ್ರಾಂಟ್ಸ್ ಸೋದರರು. ಹಾಡು ಕೇಳಿ ಬಂದಿದ್ದರು. ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದರು. ನಾನು ತಿರುಗಿದ್ದು ಕಂಡು ಒಬ್ಬೊಬ್ಬರಾಗಿ ಕೈ ನಿಲ್ಲಿಸಿದರು.

ಆ ಕೈಗಳ ಸದ್ದೂ ನನಗೆ ಕೇಳಿಸಿರಲಿಲ್ಲ.

ಹೆಟ್ಟಿ ಅವರನ್ನೆಲ್ಲ ಆಚೆ ಕಳಿಸಿ ಬಾಗಿಲು ಹಾಕಿ ಬಂದು, ನನ್ನ ಕಣ್ಣೆದುರಿಗೇ ಕುರ್ಚಿ ಎಳೆದುಕೊಂಡು ಕೂತಳು.

"ನಮ್ಮಮ್ಮ ಲೋವೆಲ್‌ನಲ್ಲಿ ಗಿರಣಿಯ ಮಗ್ಗದಲ್ಲಿ ದುಡೀತಿದ್ದಳು. ನಾವು ಮಕ್ಕಳು ಏನು ಬೇಕಾದ್ರೂ ಅವಳ ಮುಂದೆ ಬಂದು ನಿಂತೇ ಕೇಳಬೇಕಿತ್ತು. ಹಿಂದಿನಿಂದ ಕರೆದ್ರೆ ತಿರುಗ್ತಾನೇ ಇರಲಿಲ್ಲ. ಸೊಕ್ಕು ಅಂತ ಅಕ್ಕಪಕ್ಕದೋರು ಆಡ್ಕೋತಿದ್ರು. ನೀವು ಬೆಳಗ್ಗೆ ನನ್ನ ಹಾಡು ಕೇಳಲಿಲ್ಲ, ನೋಡಿದ್ರಿ."

"ಬಾಯಿ ಮುಚ್ಚು," ಎಂದೆ.

"ಮುಚ್ಚಿದ್ರೆ ನಿಮಗೇ ಕಷ್ಟ." ಅವಳು ನಗಲಿಲ್ಲ. "ನಾನು ಬಾಸ್ಟನ್ನವರಿಗೆ ಚಾಡಿ ಹೇಳೋಳಲ್ಲ. ನಿಮ್ಮ ಅನ್ನಕ್ಕೆ ಕಲ್ಲು ಹಾಕೋದು ನನಗೆ ಬೇಡ. ನನ್ನ ಅನ್ನಕ್ಕೆ ನೀವು ಹಾಕಬೇಡಿ, ಅಷ್ಟೇ. ಒಂದು ಸಾಲು ಹೊಡೆದು ಹಾಕಿ, ಸಾಕು."

"ಹೊಡೆದು ಹಾಕಿ ಏನಂತ ಬರೀಲಿ? ಚೆನ್ನಾಗಿ ಹಾಡಿದಳು ಅಂತಲಾ? ನಾನು ಕೇಳಿದ್ನಾ? ಕೇಳದೇ ಇದ್ದದ್ದನ್ನ ನಾನು ಬರೆಯೋನಲ್ಲ!"

"ಇಷ್ಟು ದಿನ ಮತ್ತೇನು ಬರೆದ್ರಿ?" ಎಂದು ಹೇಳಿ ಎದ್ದು ಹೋದಳು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವಳ ಮೇಲೆ, ಗಾನ್ಯೋನ ಮೀಸೆಯ ಮೇಲೆ, ಮಗ್ಗಗಳ ಮೇಲೆ, ಅದಕ್ಕಿಂತ ಹೆಚ್ಚಾಗಿ ಈ ಎರಡು ಬೆಪ್ಪು ಕಿವಿಗಳ ಮೇಲೆ. ಟಿಕೆಟ್ಟಿನ ಹೆಂಗಸು ಹಂದಿಮಾಂಸದ ಪೈ ತಂದಿಟ್ಟಳು. ಮುಟ್ಟಲಿಲ್ಲ. ನನ್ನ ಒಂದು ಸಾಲಿನಿಂದ ಮನೆ ಸೇರಿದ ಹಾಡುಗಾರರು ಎಷ್ಟು ಜನವೋ ಎಂದು ಯೋಚನೆ ಬಂತು. ನಾಚಿಕೆಯಾಯಿತು. ಜೋಕಿನವನ ಗಡ್ಡ ಕೂಡ ನೆನಪಾಗಿ ಅಯ್ಯೋ ಎನಿಸಿತು.

ಸಂಜೆಯ ಆಟಕ್ಕೆ ಕಟಕಟೆಯ ಬಳಿ ನಿಲ್ಲದೆ ನೇರವಾಗಿ ಮುಂದಿನ ಸಾಲಿಗೆ ಹೋಗಿ ಕೂತೆ. ವಾದ್ಯದವರು ದೆವ್ವ ಕಂಡಂತೆ ನೋಡಿದರು. ಹೆಟ್ಟಿ ಬಂದಳು, ನನ್ನನ್ನು ಕಂಡಳು, ಒಂದು ಗಳಿಗೆ ತಡೆದಳು, ಹಾಡಿದಳು.

ತುಟಿಯ ಮೇಲೆ ಪ್ರತಿ ಪದವೂ ಬಿಡಿಬಿಡಿಯಾಗಿ ಬಂತು. ಹಾಡಿನ ಪ್ರಕಾರ ಅವಳ ಮನೆಯಲ್ಲಿ ಒಬ್ಬ ಬಾಡಿಗೆಯವನು. ಊಟಕ್ಕೆ ಮೊದಲ ಕುರ್ಚಿ ಅವನದೇ, ಪಾತ್ರೆ ತೊಳೆಯುವಾಗ ಮಾತ್ರ ಬೆನ್ನುನೋವು. ಪೈ ಎಲ್ಲಿ ಹೋಯಿತೆಂದು ಕೇಳಿದರೆ ಬೆಕ್ಕು ತಿಂದಿತೆಂದು ಆಣೆ ಹಾಕುತ್ತಾನೆ. ಹಾಳಾಗಿ ಹೋಗಲಿ ಎಂದು ನಾನೂ ನಕ್ಕೆ. ಆದರೆ ನಗುವುದು ನನ್ನ ಕೆಲಸವಲ್ಲವಲ್ಲ. ಎರಡನೆಯ ಚರಣಕ್ಕೆ ಒಂದು ಉಪಾಯ ಹೊಳೆಯಿತು. ಸಾಲು ಮುಗಿದು ಅವಳ ತುಟಿ ಮುಚ್ಚುತ್ತಲೇ ಸರಕ್ಕನೆ ಹಿಂದಕ್ಕೆ ತಿರುಗಿ ಗ್ಯಾಲರಿಯ ಕೊನೆಯ ಬೆಂಚು ನೋಡಿದೆ. ಅಲ್ಲಿ ಹಡಗುಕಟ್ಟೆಯ ಒಬ್ಬ ದಢೂತಿ ಮನುಷ್ಯ ಆಗಲೇ ಬಾಯಿ ತೆರೆದು ನಗುತ್ತಿದ್ದ. ಮತ್ತೆ ಅವಳನ್ನು ನೋಡಿದೆ, ಮತ್ತೆ ಅವನನ್ನು ನೋಡಿದೆ. ಪ್ರತಿ ಸಾಲಿಗೂ ಸರಿಯಾದ ಗಳಿಗೆಗೇ ನಗುತ್ತಿದ್ದ. ಅಷ್ಟು ದೂರದಿಂದ ತುಟಿ ಓದುವ ಕಣ್ಣು ಹದ್ದಿಗೂ ಇರಲಾರದು. ಅವನಿಗೆ ಕೇಳಿಸುತ್ತಿತ್ತು.

ಪಕ್ಕದ ಹೆಂಗಸು ನನ್ನ ತೋಳು ತಿವಿದು, "ಏನ್ರೀ, ಕತ್ತು ಉಳುಕಿದೆಯಾ? ಒಂದು ಕಡೆ ನೋಡ್ರೀ!" ಎಂದಳು.

ಮಂಗಳವಾರ ಬೆಳಗ್ಗೆ ರೈಲಿಗೆ ಮುಂಚೆ ಹಳೆಯ ಕಾಗದ ಹರಿದು ಹೊಸದು ಬರೆದೆ. 'ಹೆಟ್ಟಿ ಪಿಲ್ಲಿಂಗ್: ದನಿ ಗ್ಯಾಲರಿಯ ಕೊನೆಯ ಬೆಂಚಿಗೂ ಮುಟ್ಟುತ್ತದೆ, ನಾನೇ ನೋಡಿದ್ದೇನೆ. ಮುಟ್ಟದಿರುವುದು ಮ್ಯಾನೇಜರನ ಕಿವಿಗೆ. ಹೋದ ವರ್ಷ ಇವಳ ಬಗ್ಗೆ ಬರೆದದ್ದನ್ನೂ, ಬೇರೆ ಹಾಡುಗಾರರ ಬಗ್ಗೆ ಬರೆದದ್ದನ್ನೂ ನಂಬಬೇಡಿ. ನಾಯಿಗಳ ಬಗ್ಗೆ ಬರೆದದ್ದು ಸರಿಯಾಗಿದೆ.'

ಗಾನ್ಯೋನನ್ನು ಕರೆದು ಕೈಗೆ ಕೊಟ್ಟೆ. ಓದಿದ. ಓದಿ ಮುಗಿಸಿ, ಮೀಸೆಯನ್ನು ಎರಡು ಬೆರಳಲ್ಲಿ ಮೇಲಕ್ಕೆತ್ತಿ ಹಿಡಿದು, ನನ್ನೆದುರು ಬಾಗಿ ತುಟಿ ಅಗಲಿಸಿ ಹೇಳಿದ:

"ಇದನ್ನ ಕಳಿಸಿದ್ರೆ ನಿಮ್ಮ ಕೆಲಸ ಹೋಗುತ್ತೆ ಸಾರ್."

"ಹೋಗಲಿ. ಮೊದಲು ಇದನ್ನ ಹೇಳು. ನನ್ನ ಕಿವಿ ಹೋಗಿದೆ ಅಂತ ನಿನಗೆ ಯಾವಾಗಿಂದ ಗೊತ್ತು?"

ಅವನು ಮೀಸೆ ಹಿಡಿದುಕೊಂಡೇ ಹೇಳಿದ: "ನಾನು ಇಲ್ಲಿಗೆ ಬಂದಾಗಿಂದ. ಎಲ್ಲರಿಗೂ ಗೊತ್ತು ಸಾರ್. ಅದಕ್ಕೇ ಎಲ್ಲರೂ ನಿಮ್ಮ ಮುಂದೆ ಬಂದೇ ನಿಲ್ಲೋದು."

"ಎಲ್ಲರಿಗೂ ಗೊತ್ತಾ!" ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. "ಹಾಗಿದ್ರೆ ಆ ಹಾಡುಗಾರರನ್ನೆಲ್ಲ ನಾನು ಮನೆಗೆ ಕಳಿಸುವಾಗ ಬಾಯಿಗೆ ಏನು ತುಂಬಿಕೊಂಡಿದ್ರಿ? ಒಬ್ಬನಾದ್ರೂ ಹೇಳಬಾರದಿತ್ತಾ?"

"ಹೇಳಿದ್ದೆ ಸಾರ್," ಎಂದ ಗಾನ್ಯೋ. "ನಿಮ್ಮ ಸಿಟ್ಟಿಗೆ ಹೆದರಿ, ಬೆನ್ನ ಹಿಂದೆ ನಿಂತ್ಕೊಂಡು ಹೇಳಿದ್ದೆ."