ಮಾಷ್ಟ್ರ ಕಿಡ್ನಿ

"ನನ್ನದು ಎರಡುಂಟಲ್ಲ, ಒಂದನ್ನು ಮಾಷ್ಟ್ರಿಗೆ ಹಾಕಿ," ಎನ್ನುತ್ತಲೇ ನಬೀಸುಮ್ಮ ಆಸ್ಪತ್ರೆಯ ಕೋಣೆಯೊಳಗೆ ಬಂದರು.

ತಪ್ಪು ತಮ್ಮದೇ ಎಂದು ಅವರಿಗೆ ಖಾತ್ರಿಯಿತ್ತು. ಬದಿಯಡ್ಕದಲ್ಲಿ ನೆರೆಮನೆಯ ಈಶ್ವರಪ್ರಸಾದ ಮಾಷ್ಟ್ರಿಗೆ ಕೊಲೆಸ್ಟ್ರಾಲ್ ಎಂದು ಕೇಳಿ, ಅದಕ್ಕೆ ಮದ್ದೆಂದು ಬೇಲಿಯ ಮೇಲಿಂದ ದಿನಾ ಬುಟ್ಟಿ ತುಂಬ ಬಿಂಬುಳಿಯ ಹುಳಿಕಾಯಿ ದಾಟಿಸಿದ್ದು ಅವರೇ. ಸಾರಿಗೆ ನಾಲ್ಕು ಕಾಯಿ ಹಾಕುವ ಬದಲು ಮಾಷ್ಟ್ರು ನಲುವತ್ತು ಕಾಯಿಯ ರಸ ಹಿಂಡಿ, ಗಣಿತ ಕಲಿಸಿದವರ ಶಿಸ್ತಿನಲ್ಲಿ, ಐದು ದಿನ ಬರಿಹೊಟ್ಟೆಗೆ ಕುಡಿದರು. ಆರನೆಯ ದಿನ ಮೂತ್ರ ನಿಂತಿತು.

ಈಗ ಹದಿನೈದು ದಿನ, ಐದು ಡಯಾಲಿಸಿಸ್. ಕಿಡ್ನಿ ಏಳುತ್ತದೋ, ಜೀವಮಾನವಿಡೀ ಯಂತ್ರವೇ ಗತಿಯೋ, ಇನ್ನೊಂದು ವಾರ ನೋಡುವ ಎಂದಿದ್ದರು ಡಾಕ್ಟರು.

"ನಿಮ್ಮ ಕಿಡ್ನಿ ಬೇಡ ನಬೀಸುಮ್ಮ," ಮಾಷ್ಟ್ರು ಕಣ್ಣು ಮುಚ್ಚಿಯೇ ಹೇಳಿದರು. "ಅದೂ ಒಳಗೆ ಕೂತು ಮಾತಾಡಲಿಕ್ಕೆ ಶುರು ಮಾಡಿದರೆ ನಾನು ಎಂತ ಮಾಡುವುದು?"

ಅವರ ಹೆಂಡತಿ ಪರಮೇಶ್ವರಿ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕರು. ಹದಿನೈದು ದಿನದಲ್ಲಿ ಅದೇ ಮೊದಲ ನಗು.

"ಯಾರೂ ಎಂತದೂ ಕೊಡುವುದು ಬೇಡ ಉಮ್ಮಾಮ," ಎಂದಳು ಜೊತೆಗೆ ಬಂದಿದ್ದ ಮೊಮ್ಮಗಳು ಫಾಯಿಝಾ. ಅವಳು ಡಾಕ್ಟರಿಕೆ ಓದುತ್ತಿದ್ದಳು. "ಬಿಂಬುಳಿಯ ಹುಳಿ ಹರಳುಗಟ್ಟಿ ಕಿಡ್ನಿಯ ನಳಿಗೆಗಳನ್ನು ಕೆಡಿಸಿದೆ. ಆದರೆ ಅಲ್ಲಲ್ಲಿ ಸಾಯದೆ ಉಳಿದ ಜೀವಕೋಶಗಳು ಉಂಟು. ಅವು ಒಂದು ಎರಡಾಗಿ, ಎರಡು ನಾಲ್ಕಾಗಿ ಖಾಲಿ ಜಾಗ ತುಂಬಿಸ್ತವೆ."

ಮಾಷ್ಟ್ರು ಕಣ್ಣು ತೆರೆದರು. "ಎಲ್ಲ ಕೋಶಗಳೂ ಹಾಗೆ ಎರಡಾಗ್ತವಾ? ಅಲ್ಲ, ಅದಕ್ಕೆಂದೇ ಬೇರೆ ಇರ್ತವಾ?"

"ರಿಪೇರಿಗೆಂದೇ ಕೆಲವು ಮೂಲಕೋಶಗಳು ಕಾದಿರ್ತವೆ ಅಂತ ಕೆಲವರು. ಮಾಮೂಲಿಯವೇ ಪುನಃ ಎಳೆಯವಾಗ್ತವೆ ಅಂತ ಇನ್ನು ಕೆಲವರು. ಆ ಜಗಳ ಮುಗಿದಿಲ್ಲ ಸರ್."

"ಅವರ ಜಗಳ ಮುಗಿಯುವವರೆಗೆ ಮಾಷ್ಟ್ರು ಕಾಯಬೇಕಾ ಮಾರಾಯ್ತಿ?" ನಬೀಸುಮ್ಮ ಗಾಬರಿಯಾದರು.

"ಕೋಶಗಳು ಪುಸ್ತಕ ಓದುವುದಿಲ್ಲ ಉಮ್ಮಾಮ. ಕೆಲಸ ಮಾಡ್ತವೆ."

ಮರುದಿನದಿಂದ ನಬೀಸುಮ್ಮ ಬೆಳಿಗ್ಗೆಯೇ ಬಸ್ಸಿನಲ್ಲಿ ಬಂದು ಪರಮೇಶ್ವರಿಯನ್ನು ಮಲಗಿಸಿ, ತಾವು ಬಾಗಿಲಲ್ಲಿ ಕಾವಲು ಕೂತರು. ನೋಡಲು ಬಂದವರನ್ನು ಒಳಗೆ ಬಿಡಲಿಲ್ಲ. "ಒಳಗೆ ಕೆಲಸ ನಡೀತಾ ಉಂಟು," ಎಂದು ಪಿಸುಗುಟ್ಟಿ ಕಳುಹಿಸಿದರು. ತಾವೂ ದನಿಯೆತ್ತಲಿಲ್ಲ. ಇಷ್ಟು ಮೌನ ತಡೆಯಲಾರದೆ ಮೂರನೆಯ ದಿನ ಮಾಷ್ಟ್ರೇ ಕೇಳಿದರು: "ನಬೀಸುಮ್ಮನಿಗೆ ಹುಷಾರಿಲ್ವಾ?"

ಆರನೆಯ ದಿನ ನರ್ಸ್ ಮೂತ್ರದ ಪಾತ್ರೆ ಹಿಡಿದು ಅವಸರದಲ್ಲಿ ಬಂದು ಪರದೆ ಎಳೆದಳು. ನಬೀಸುಮ್ಮ ಮರ್ಯಾದೆಗೆ ಗೋಡೆಯತ್ತ ತಿರುಗಿ ನಿಂತರು. ಎದ್ದು ಬಂದ ಪರಮೇಶ್ವರಿಯೂ, ನೋಡುವ ಧೈರ್ಯ ಸಾಲದೆ, ಅವರ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ನಿಂತರು.

"ಎಷ್ಟು?" ನಬೀಸುಮ್ಮ ಗೋಡೆಯನ್ನೇ ಕೇಳಿದರು.

"ಇನ್ನೂರೈವತ್ತು ಎಂಎಲ್," ಪರದೆಯಾಚೆಯಿಂದ ಮಾಷ್ಟ್ರ ದನಿ ಬಂತು. "ಇನ್ನೂ ಬರ್ತಾ ಉಂಟು."

ಇಬ್ಬರೂ ತಿರುಗಲಿಲ್ಲ. ತರಗತಿಯಲ್ಲಿ ಶಿಕ್ಷೆಗೆ ನಿಲ್ಲಿಸಿದ ಹುಡುಗಿಯರ ಹಾಗೆ ಕೈ ಕೈ ಹಿಡಿದು, ಭುಜ ಕುಲುಕಿಸುತ್ತ, ಸುಣ್ಣದ ಗೋಡೆಯನ್ನು ನೋಡುತ್ತಲೇ ನಿಂತಿದ್ದರು.