ಬಾಜೂ

ಧನಶ್ರೀಯ ಸೈಕಲ್ಲಿನ ಹಿಂದಿನ ಚಕ್ರ ಸಡಿಲ ಕಲ್ಲಿನ ಮೇಲೆ ಗಿರ್ರನೆ ತಿರುಗಿ, ಸಿಡಿದ ಚೂರೊಂದು ಸಪ್ನಾಳ ಮೊಣಕಾಲಿಗೆ ಬಡಿಯಿತು. ಉಮರೇಡಿನ ಗಣಿಯವರು ಅಗೆದು ಸುರಿದ ಮಣ್ಣೇ ಇಲ್ಲಿ ಗುಡ್ಡ. ನೆತ್ತಿಗೆ ಹೋಗಲು ಒಂದೇ ಸೈಕಲ್ ಹಿಡಿಸುವ ಜಾಡು, ಎರಡೂ ಬದಿ ಜಾಲಿಮುಳ್ಳು. ಮೊದಲು ಮುಟ್ಟಿದವಳೊಬ್ಬಳಿಗೇ ರಾಜ್ಯದ ಪಂದ್ಯಕ್ಕೆ ಹೋಗುವ ಅವಕಾಶ.

ವಾಡಿಯ ಡಾಂಬರು ರಸ್ತೆಯ ಪಂದ್ಯಗಳಲ್ಲಾದರೆ ಸಪ್ನಾಳೇ ಮುಂದೆ. ಗೆಲ್ಲುವುದಕ್ಕಲ್ಲ, ಎದುರುಗಾಳಿಯನ್ನು ತಾನು ಸೀಳಿ, ಬೆನ್ನ ಹಿಂದಿರುವ ಧನಶ್ರೀಯ ದಮ್ಮು ಉಳಿಸುವುದಕ್ಕೆ. ಕೊನೆಯ ತಿರುವಿನಲ್ಲಿ ಹಿಂದಿನಿಂದ ಧನಶ್ರೀಯ "ಬಾಜೂ!" ಎಂಬ ಕೂಗು, ಸಪ್ನಾ ಸರಿಯಬೇಕು, ಧನಶ್ರೀ ನುಗ್ಗಬೇಕು, ಹಾರ ಅವಳಿಗೇ ಬೀಳಬೇಕು. ಹುಟ್ಟಿದಾಗಿನಿಂದ ಕೇಳಿದ ಮಾತು ಅದು. ಮಹಾಲ್‌ನ ಗಲ್ಲಿಯಲ್ಲಿ ಅವ್ವ ಸಾವಿತ್ರೆವ್ವ ಕೆಲಸಕ್ಕೆ ಹೊರಟರೆ ಸ್ಕೂಟರಿನವರೂ ಅದನ್ನೇ ಕೂಗುತ್ತಿದ್ದರು, ಅವ್ವ ಗೋಡೆಗೆ ಒತ್ತಿಕೊಳ್ಳುತ್ತಿದ್ದಳು. ಅವ್ವ ಪಾತ್ರೆ ತಿಕ್ಕುವುದು ಧನಶ್ರೀಯ ಮನೆಯಲ್ಲಿ. ಸಪ್ನಾ ತುಳಿಯುತ್ತಿದ್ದ ದಪ್ಪ ಟಯರಿನ ಗೇರ್ ಸೈಕಲ್ಲೂ ಧನಶ್ರೀ ಬಳಸಿ ಬಿಟ್ಟದ್ದು.

"ಉಪಕಾರ ಮರೀಬ್ಯಾಡ," ಬೆಳಿಗ್ಗೆ ಅವ್ವ ಹೇಳಿದ್ದಳು. "ಅವರ ಸೈಕಲ್ ಮ್ಯಾಲ ಕುಂತು ಅವರನ್ನ ಹಿಂದ ಹಾಕ್ತಿ ಏನ?"

"ಕಾಲು ನನ್ನವಲ್ಲೇನಬೇ?"

"ಆ ಕಾಲಾಗಿನ ಬೂಟೂ ಅವರದ ಐತಿ."

ಆದರೆ ಗುಡ್ಡದ ಲೆಕ್ಕವೇ ಬೇರೆ. ಇಷ್ಟು ನಿಧಾನದ ಏರಿನಲ್ಲಿ ಸೀಳಲು ಗಾಳಿಯೇ ಇಲ್ಲ. ಯಾರ ಬೆನ್ನೂ ಯಾರಿಗೂ ಮರೆಯಲ್ಲ. ಹಿಂದೆ ಉಳಿದವಳಿಗೆ ದೂಳಷ್ಟೇ. ಡಾಂಬರಿನ ರೂಢಿಯಂತೆ ಧನಶ್ರೀ ಸೀಟಿನಿಂದೆದ್ದು ತುಳಿಯುತ್ತಿದ್ದಳು, ಭಾರ ತಪ್ಪಿದ ಚಕ್ರ ಮತ್ತೆ ಮತ್ತೆ ಜಾರುತ್ತಿತ್ತು. ಸಪ್ನಾ ಸೀಟಿನ ತುದಿಗೆ ಅಂಟಿ ಕುಳಿತು, ಎದೆ ಬಗ್ಗಿಸಿ, ಹಗುರ ಗೇರಿನಲ್ಲಿ ಒಂದೇ ಸಮ ತುಳಿದಳು. ಚಕ್ರ ಮಣ್ಣು ಕಚ್ಚಿತು. ಕಚ್ಚಿದ್ದು ಸೊಂಟದವರೆಗೂ ತಿಳಿಯಿತು. ಬೇಡವೆಂದು ಎಸೆದ ಆ ಮಣ್ಣಿಗೆ ಅವಳು ಮನಸ್ಸಿನಲ್ಲೇ ಕೈಮುಗಿದಳು.

ದಾಟಬೇಕಾದರೆ ಕೂಗಬೇಕು, ಅದು ಜಾಡಿನ ನಿಯಮ. ನಾಲಗೆ ಏಳಲಿಲ್ಲ.

"ಅಕ್ಕಾರ..." ಎಂದಳು. ಧನಶ್ರೀಗೆ ಕೇಳಿಸಲಿಲ್ಲ. ನೆತ್ತಿಯ ಬಾವುಟ ಕಾಣತೊಡಗಿತು.

"ಬಾಜೂ!"

ಧನಶ್ರೀ ತಿರುಗಿ ನೋಡಿದಳು. ಅವಳ ಮುಖ ಕೆಂಪೇರಿತು. ಆದರೂ ಸಪ್ನಾಳ ಕಾಲು ನಿಲ್ಲಲಿಲ್ಲ. ಧನಶ್ರೀ ಸೈಕಲ್ ಎತ್ತಿಕೊಂಡು ಮುಳ್ಳಿನೊಳಗೆ ಇಳಿದುಬಿಟ್ಟಳು.

"ಜಲ್ದಿ ಹೋಗೇ! ಹಿಂದೆ ಏನ್ ನೋಡ್ತೀಯ?"

ಬಾವುಟದ ಬುಡದಲ್ಲಿ ಸಪ್ನಾ ಏದುಸಿರು ಬಿಡುತ್ತ ಕೂತಿದ್ದಾಗ ಧನಶ್ರೀ ಕುಂಟುತ್ತ ಬಂದಳು.

"ಅಬ್ಬಾ, ಏನ್ ಗಂಟಲೇ ನಿಂದು! ಗಣಿಯೊಳಗಿನ ಲಾರಿಗಳೂ ಬಾಜೂ ಸರಿದಿರಬೇಕು."

"ತಪ್ಪಾತೇನ್ರಿ, ಅಕ್ಕಾರ?"

"ನೀನು ಕೂಗಿದ್ದು ಬರೋಬರ್. ಸರಿಯೋದ್ರಲ್ಲಿ ನಾನೇ ಲೇಟು."

ಈವರೆಗೆ ಉಪಕಾರವೆಂದರೆ ತಲೆ ತಗ್ಗಿಸುವುದೆಂದೇ ಸಪ್ನಾ ತಿಳಿದಿದ್ದಳು. ರೂಢಿಯಂತೆ ಬಗ್ಗಿ, "ಮುಳ್ಳು ತಗೀಲೇನ್ರಿ?" ಎಂದು ಧನಶ್ರೀಯ ಕಾಲಿಗೆ ಕೈಹಾಕಿದಳು.

"ಬಿಡೇ, ನಾನೇ ತೆಕ್ಕೋತೀನಿ. ಮೊದಲು ನೀರು ಕುಡಿ." ಧನಶ್ರೀ ತನ್ನ ಬಾಟಲಿ ಚಾಚಿದಳು.

ಇಳಿಯುವ ಜಾಡೂ ಒಂದೇ ಸೈಕಲ್ಲಿನಷ್ಟು ಅಗಲ. ನೀರು ಕುಡಿದು ಸಪ್ನಾ ತಲೆಯೆತ್ತಿದಾಗ ಧನಶ್ರೀ ತನ್ನ ಸೈಕಲ್ಲನ್ನು ಎರಡು ಹೆಜ್ಜೆ ಹಿಂದಕ್ಕೆ ಎಳೆದುಕೊಂಡು, ಹ್ಯಾಂಡಲ್ ಮೇಲೆ ಮೊಣಕೈ ಊರಿ, ಕಾಯುತ್ತ ನಿಂತಿದ್ದಳು.