ಸೀತು ಕೂರುವ ಕಿಟಕಿ

ತನ್ನ ಮದುವೆಯ ದಿಬ್ಬಣಕ್ಕೆ ಕಾರೇ ಆಗಬೇಕು ಎಂದು ಸೀತು ಹಟ ಹಿಡಿದದ್ದು ಹನ್ನೊಂದನೆಯ ವಯಸ್ಸಿನಲ್ಲಿ, ಅಪ್ಪನ ಹೆಗಲ ಬೈರಾಸಿಗೆ ಜೋತುಬಿದ್ದು. "ಆಯಿತು ಮಗಳೇ" ಎಂದಿದ್ದರು ತ್ಯಾಂಪಣ್ಣ. ಮರುವರ್ಷದ ಮಳೆಗಾಲದಲ್ಲಿ ಜ್ವರ ಬಂದು ಮಗು ಹೋಯಿತು. ಮಾತು ಉಳಿಯಿತು.

ಈಗ, ಸಾವಿರದ ಒಂಬೈನೂರ ಅರವತ್ತೆರಡರ ಸುಗ್ಗಿಯಲ್ಲಿ, ಆ ಮಾತು ನಡೆಸುವ ಹೊತ್ತು ಬಂದಿತ್ತು. ಸೀತು ಇದ್ದಿದ್ದರೆ ಅವಳಿಗೆ ಇಪ್ಪತ್ತು ತುಂಬುತ್ತಿತ್ತು. ತೀರಿಹೋದ ಮಕ್ಕಳೂ ಆ ಲೋಕದಲ್ಲಿ ಬೆಳೆಯುತ್ತಾರೆ, ಪ್ರಾಯಕ್ಕೆ ಬಂದಾಗ ಅವರಿಗೂ ಮದುವೆ ಮಾಡಿಸಬೇಕು ಎಂಬುದು ಹಿರಿಯರ ಕಟ್ಟಳೆ. ಕಡಬದ ಮನೆಯೊಂದರಲ್ಲಿ ಹೀಗೇ ಎಳವೆಯಲ್ಲಿ ಹೋದ ಹುಡುಗನಿದ್ದ. ಎರಡೂ ಮನೆಯವರು ವೀಳ್ಯ ಬದಲಿಸಿಕೊಂಡಿದ್ದರು. ಹಳೆಯದೊಂದು ಕಾರು ಆರಿಸಿ, ಮದುವೆಯ ದಿನದೊಳಗೆ ರಿಪೇರಿ ಮಾಡಿಸಿ, ಈಶ್ವರಮಂಗಲದಿಂದ ಕಡಬಕ್ಕೆ ಮದುಮಗಳನ್ನು ಕೊಂಡೊಯ್ಯಬೇಕು. ತ್ಯಾಂಪಣ್ಣ ಮಹಾಲಿಂಗೇಶ್ವರನಿಗೆ ಕೈಮುಗಿದು, ಪುತ್ತೂರು ಪೇಟೆಯ ಹೈದರನ ಗ್ಯಾರೇಜಿಗೆ ಬಂದರು.

"ಮಗಳ ಮದುವೆಗೆ ಒಂದು ಕಾರು ಬೇಕು" ಎಂದರು.

ಹೈದರ್ ಶೆಡ್ಡಿನ ಹಿಂದೆ ನಿಂತಿದ್ದ ಎರಡನ್ನು ತೋರಿಸಿದ. "ಈ ಕಪ್ಪು ತಕ್ಕೊಳ್ಳಿ. ಇಂಜಿನ್ ಗಟ್ಟಿ ಉಂಟು."

"ಆ ಹಸಿರು?"

"ಅದರ ಅಡಿಯ ತಗಡು ತುಕ್ಕು ತಿಂದು ಮುಗಿದಿದೆ ಮಾರಾಯ್ರೆ. ಮದುಮಗಳು ಕಾರಲ್ಲಿ ಕೂತ್ಕೊಂಡೇ ರಸ್ತೆ ಮೇಲೆ ನಡೀಬೇಕಷ್ಟೆ!"

ತ್ಯಾಂಪಣ್ಣ ನಗಲಿಲ್ಲ. ಕಪ್ಪು ಕಾರಿನ ಹಿಂದಿನ ಸೀಟಿಗೆ ತೂರಿ ಕಿಟಕಿಯ ಕೆಳಗೆ ತಡವಿದರು. "ಇದರ ಹಿಡಿ ಎಲ್ಲಿ?"

"ಹಿಂದಿನ ಗ್ಲಾಸು ಇಳಿಯುದಿಲ್ಲ. ಮೊದಲಿಂದಲೂ ಹಾಗೇ ಕೂರಿಸಿದ್ದು."

ಅವರು ಇಳಿದು ಹೋಗಿ ಹಸಿರು ಕಾರಿನ ಬಾಗಿಲು ಎಳೆದರು. ಹಿಡಿ ತಿರುಗಿಸಿದಾಗ ಗಾಜು ಕಿರುಗುಟ್ಟುತ್ತ ಪೂರ್ತಿ ಇಳಿಯಿತು. "ಇದು ಸಾಕು."

"ಎಂತ ತ್ಯಾಂಪಣ್ಣ, ಗ್ಲಾಸು ನೋಡಿ ಕಾರು ತೆಗೆಯುದಾ? ನಿಮ್ಮ ಕಿರಿಯವಳು ಅಪ್ಪಿಯ ಮದುವೆ ಯಾವಾಗ?"

"ಅಪ್ಪಿಗಲ್ಲ. ಆಟಿಯಲ್ಲಿ."

ಹೈದರನ ನಗು ಅಲ್ಲೇ ನಿಂತಿತು. ಜಡಿಮಳೆಯ ಆಟಿ ತಿಂಗಳಲ್ಲಿ ಬದುಕಿರುವವರ ಮದುವೆ ನಡೆಯುವುದಿಲ್ಲವೆಂದು ಊರಲ್ಲಿ ಯಾರಿಗೆ ಗೊತ್ತಿಲ್ಲ? ಕೈಯ ಗ್ರೀಸನ್ನು ಸುಮ್ಮನೆ ಬಟ್ಟೆಗೆ ಒರೆಸಿದ. "ಸೀತುವಿಗಾ?"

"ಹೌದು." ತ್ಯಾಂಪಣ್ಣ ಕಿಟಕಿಯ ಹಿಡಿ ಬಿಟ್ಟಿರಲಿಲ್ಲ. "ಆಸ್ಪತ್ರೆಗೆ ಬಸ್ಸಲ್ಲಿ ಕರ್ಕೊಂಡು ಬರ್ತಾ ಇದ್ದೆ. ಅಪ್ಪಾ, ಗಾಳಿ ಬೇಕು, ಕಿಟಕಿಯ ಟರ್ಪಾಲು ಎತ್ತಿ ಅಂದಳು. ಜ್ವರದ ಮೈಗೆ ಗಾಳಿ ತಾಗುದು ಬೇಡ ಅಂತ ನಾನೇ ಹಗ್ಗ ಬಿಗಿದೆ. ಮೂರು ಸಲ ಕೇಳಿದಳು ಹೈದರ್. ಆಮೇಲೆ ಕೇಳಲಿಲ್ಲ. ನಿದ್ದೆ ಬಂತು ಅಂತ ಗ್ರಹಿಸಿದೆ. ಪುತ್ತೂರು ಬರುವವರೆಗೂ ಎಬ್ಬಿಸಲಿಲ್ಲ."

ಹೈದರ್ ಬಗ್ಗಿ ಕಾರಿನ ಅಡಿ ನೋಡಿದ. ತುಂಬ ಹೊತ್ತು ನೋಡಿದ.

"ಹೊಸ ತಗಡು ಹೊಡೆಯುವ. ಇಂಜಿನ್ ಬಿಚ್ಚುವ. ಆಟಿಗೆ ಕೊಡ್ತೇನೆ" ಎಂದ ಏಳುತ್ತ. "ಆದರೆ ಆ ಮಳೆಯಲ್ಲಿ ಗ್ಲಾಸು ಇಳಿಸಿದರೆ ಮದುಮಗಳ ಪಟ್ಟೆ ಸೀರೆಯೆಲ್ಲ ಒದ್ದೆ, ತ್ಯಾಂಪಣ್ಣ."

ಸೀತುವಿನ ಬದಲಿಗೆ ಆ ಸೀರೆ ಉಡುವುದು ಒಂದು ತೆಂಗಿನಕಾಯಿ ಎಂದು ಇಬ್ಬರಿಗೂ ಗೊತ್ತಿತ್ತು.

"ಒದ್ದೆಯಾಗಲಿ" ಎಂದರು ತ್ಯಾಂಪಣ್ಣ.

"ಒಮ್ಮೆ ಕೂತು ನೋಡಿ."

ಅವರು ಹತ್ತಿದರು. ತೂತು ಬಿದ್ದ ತಗಡನ್ನು ದಾಟಿ, ಕಿಟಕಿಯ ಬದಿ ಖಾಲಿ ಬಿಟ್ಟು, ಆಚೆ ಸರಿದು ಕೂತರು.